ಗುಂಡುಸೂಜಿ ಕಚ್ಚದ ದರ್ಜಿ

ನಾನು ಕಂಡ ದರ್ಜಿಗಳೆಲ್ಲ ಕೆಲಸ ಮಾಡುವಾಗ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡಿರುತ್ತಾರೆ. ಚಿತ್ತಾಪುರದ ಇಮಾಮಸಾಬರು ಮಾತ್ರ ಅವನ್ನು ಟೋಪಿಗೆ ಚುಚ್ಚಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, "ದೇವರು ಬಾಯಿ ಕೊಟ್ಟಿದ್ದು ಮಾತಾಡ್ಲಿಕ್ಕರಿ, ಸೂಜಿ ಇಡ್ಲಿಕ್ಕಲ್ಲ" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿನ ಕಡೆಯಿಂದ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹೋದೆ. ಅವರ ಅಂಗಡಿಯ ಮೇಲಿನ ಒಂಟಿ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಬೆಳಿಗ್ಗೆ ಕೆಳಗೆ ಹಲಗೆ ಬಾಗಿಲು ತೆಗೆದ ಸದ್ದಾದರೆ ಅದರ ಬೆನ್ನಿಗೇ ಮಾತು ಶುರು. ಕೋರ್ಟಿನ ತಾರೀಖಿಗೆ ಹಳ್ಳಿಗಳಿಂದ ಬಂದವರು ಅವರ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುತ್ತಿದ್ದರು. ಯಾವ ವಕೀಲ ಕಕ್ಷಿದಾರನಿಗೇ ಬೈಯುತ್ತಾನೆ, ವಾಡಿಯಲ್ಲಿ ಯಾವ ರೈಲು ತಡ, ತೊಗರಿ ದರ ಏಕೆ ಬಿತ್ತು, ಎಲ್ಲದಕ್ಕೂ ಇಮಾಮಸಾಬರ ಬಳಿ ಉತ್ತರವಿತ್ತು. ಕೇಳದಿದ್ದರೂ ಇತ್ತು. ನಾನೊಂದು ರವಿಕೆ ಹೊಲಿಯಲು ಕೊಟ್ಟರೆ ಅದು ಬರಲು ಹದಿನೈದು ದಿನ ಬೇಕು, ಅಷ್ಟರಲ್ಲಿ ಊರಿನ ಮೂರು ಮನೆತನಗಳ ಚರಿತ್ರೆ ನನಗೆ ಬಾಯಿಪಾಠವಾಗಿರುತ್ತಿತ್ತು. ಏಳಲು ಹೊರಟವರನ್ನು, "ಮಾತಿಗಿ ಕೂಲಿ ಇಲ್ಲರಿ, ತುಂಬ್ಕೊಂಡ್ ಹೋಗ್ರಿ" ಎಂದು ಮತ್ತೆ ಕೂರಿಸುತ್ತಿದ್ದರು.

ಅವರ ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಜುಬೇದಾ, ತಾಂಡೂರಿಗೆ ಕೊಟ್ಟಿದ್ದರು. ಅವಳ ವಿಷಯದಲ್ಲಿ ಮಾತ್ರ ಅವರದು ಚುಟುಕು ಮಾತು. ಏಳನೇ ತರಗತಿ ಮುಗಿದ ಮೇಲೆ ಹುಡುಗಿ ಶಾಲೆ ಬಿಟ್ಟಿದ್ದಳು. ನಮ್ಮ ಶಾಲೆಯಲ್ಲಿ ಪಾಯಖಾನೆ ಇರಲಿಲ್ಲ. ದೊಡ್ಡವರಾದ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಶಾಲೆಗೆ ಬರುವುದನ್ನೇ ನಿಲ್ಲಿಸುತ್ತಿದ್ದರು. "ಶಾಣ್ಯಾ ಇದ್ಳರಿ ಬಾಯಾರ" ಎಂದಷ್ಟೇ ಹೇಳಿ ಇಮಾಮಸಾಬರು ಮಷೀನು ತುಳಿಯುತ್ತಿದ್ದರು. ಆ ಕಡೆ ಜಾಣೆಗೆ ಶಾಣ್ಯಾ ಎನ್ನುತ್ತಾರೆ, ಟೀಚರಮ್ಮನನ್ನು ಕರೆಯುವುದು ಬಾಯಾರು ಎಂದು.

ಪಾಯಖಾನೆ ಕಟ್ಟಲು ಊರವರು ಅರ್ಧ ವಂತಿಗೆ ಕೂಡಿಸಿದರೆ ಉಳಿದರ್ಧ ಸರ್ಕಾರ ಕೊಡುತ್ತದೆ ಎಂದು ಗೊತ್ತಾದಾಗ ಹೆಡ್ಮಿಸ್ಟ್ರೆಸ್ಸರೂ ನಾನೂ ಬಜಾರಿನಲ್ಲಿ ಅಂಗಡಿ ಅಂಗಡಿ ಹತ್ತಿಳಿದೆವು. ಎಲ್ಲ ಕಡೆಯೂ ಚಹಾ ಸಿಕ್ಕಿತು, ದುಡ್ಡು ಮಾತ್ರ ಸಿಗಲಿಲ್ಲ. ಕೊನೆಗೆ ಒಬ್ಬ ಕಾಳಿನ ಸಾಹುಕಾರರು ನಕ್ಕು, ಇಮಾಮಸಾಬ್ ಬಾಯಿ ಮುಚ್ಚಿಕೊಂಡಿದ್ದರೆ ದಿನಕ್ಕೆ ಐದು ರೂಪಾಯಿ ಕೊಡುತ್ತೇನೆ ನೋಡಿ ಎಂದರು. ಗಲ್ಲಾಪೆಟ್ಟಿಗೆಯ ಸುತ್ತ ಕೂತವರೆಲ್ಲ ತಮ್ಮದೂ ಒಂದು ಇರಲಿ, ಎರಡು ಇರಲಿ ಎಂದು ಕೂಗಿದರು.

ಅದನ್ನು ನಾನು ತಮಾಷೆಯೆಂದೇ ಇಮಾಮಸಾಬರಿಗೆ ಹೇಳಿದೆ. ಅವರು ಮಷೀನು ನಿಲ್ಲಿಸಿದರು.

"ಖರೇನೇ ಕೊಡ್ತಾರೇನ್ರಿ?"

ಬರೆಸಿಕೊಂಡರೆ ಕೊಡಬಹುದು ಎಂದೆ.

"ಹಂಗಾರ ಬರ್ಸ್ಕೊಂಡ್ ಬರ್ರಿ. ನಲವತ್ತು ದಿನ. ನಮಾಜಿನ್ಯಾಗ ಅಲ್ಲಾನ ಜೋಡಿ ಆಡೂ ಮಾತು ಬ್ಯಾರೆ, ಅದನ್ನ ಹಿಡೀಬ್ಯಾಡ್ರಿ."

ಶಾಲೆಯ ಹಾಳೆಯೊಂದರಲ್ಲಿ ಪಟ್ಟಿ ಮಾಡಿದೆ. ಖಾಲಿ ಹಾಳೆಗೆ ಯಾರೂ ಹೆಸರು ಕೊಡುವುದಿಲ್ಲವಲ್ಲ, ಅದಕ್ಕೇ ಮೊದಲ ಸಾಲಿನಲ್ಲಿ ನನ್ನ ಹೆಸರನ್ನೇ ಬರೆದು ದಿನಕ್ಕೆ ಒಂದು ರೂಪಾಯಿ ಎಂದು ತೋರಿಸಿದೆ. ಆಮೇಲೆ ನೋಡಬೇಕು! ನಿನ್ನೆ ಇಲ್ಲವೆಂದು ಕೈ ಆಡಿಸಿದವರೇ ಕರೆದು ಕರೆದು ಬರೆಸಿದರು. ಬಸ್‌ಸ್ಟ್ಯಾಂಡಿನ ಹೋಟೆಲಿನವರು, ವಕೀಲರ ಗುಮಾಸ್ತರು, ಎದುರಿನ ಅತ್ತರಿನ ಅಂಗಡಿಯವರು, ಎಲ್ಲರೂ. ಹಾಳೆಯ ಹಿಂಬದಿಯೂ ತುಂಬಿತು. ನನಗೋ ಹಿಡಿಸಲಾರದ ಸಂಭ್ರಮ.

ಒಂದು ಶುಕ್ರವಾರದ ನಮಾಜು ಮುಗಿಸಿ ಬಂದು ಅವರು ಸುಮ್ಮನಾದರು. ಮೊದಲ ವಾರ ಜಾತ್ರೆಯಂತೆ ಜನ. ಚಾಡಿ ಹೇಳಿದರು, ಸುಳ್ಳು ಸುದ್ದಿ ತಂದರು, ಹೊಲಿಗೆ ಸೊಟ್ಟಗಿದೆ ಎಂದು ಕೆಣಕಿದರು. ಇಮಾಮಸಾಬರು ಕಣ್ಣಲ್ಲೇ ನಕ್ಕು ಅಳತೆ ಪಟ್ಟಿ ಹಿಡಿದರು. ಎರಡನೆಯ ವಾರ ಕೆಣಕುವವರು ಕಡಿಮೆಯಾದರು. ಮೂರನೆಯ ವಾರ ಕಟ್ಟೆ ಖಾಲಿಯಾಯಿತು. ತಾರೀಖಿಗೆ ಬಂದವರು ಹೋಟೆಲಿನ ಬೆಂಚಿಗೆ ಹೋಗಿ ಕೂತರು. ಒಂದು ಮಧ್ಯಾಹ್ನ ಆಡಕಿಯ ಕಡೆಯ ಒಬ್ಬ ಮುದುಕಿ, ಸಂಗತಿ ಗೊತ್ತಿಲ್ಲದವಳು, ತನ್ನ ಹೊಲದ ದಾವೆ ಏನಾದೀತು ಎಂದು ಅವರನ್ನು ಕೇಳಿದಳು. ಎರಡು ಸಲ, ಮೂರು ಸಲ ಕೇಳಿದಳು. ಅವರು ಎದೆಗೆ ಕೈ ಇಟ್ಟು ತಲೆ ಬಾಗಿಸಿದರು. "ನಿನಗೂ ನಾ ಬ್ಯಾಡಾದ್ನೇನಪ್ಪ" ಎಂದು ಮುದುಕಿ ಚೀಲ ಎತ್ತಿಕೊಂಡು ಹೋದಳು. ಅವಳು ತಿರುವು ದಾಟುವವರೆಗೆ ಇಮಾಮಸಾಬರು ಅತ್ತಲೇ ನೋಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದೆ. ಇಳಿದು ಹೋಗಿ ಅವಳಿಗೆ ತಿಳಿಸಿ ಹೇಳಬಹುದಿತ್ತು. ಹೋಗಲಿಲ್ಲ.

ನಲವತ್ತನೆಯ ದಿನ ಸಂಜೆ ಬಜಾರೆಲ್ಲ ಅಂಗಡಿಯ ಮುಂದೆ ನೆರೆಯಿತು. ಹಾರ ಹಾಕಿದರು. ಕೊಟ್ಟ ಮಾತಿನಂತೆ ಎಲ್ಲರೂ ದುಡ್ಡು ತೆತ್ತರು. ಇಮಾಮಸಾಬರು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಆ ಸಾಹುಕಾರರು ಕೈ ಎತ್ತಿ, "ತಡೀರಿ ತಡೀರಿ, ಇನ್ನಾ ನಲವತ್ತು ದಿನ ಹಿಂಗೇ ಇರ್ರಿ, ಡಬಲ್ ಕೊಡ್ತೀನಿ" ಎಂದರು. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನಾನೂ ನಕ್ಕೆ. ಇಮಾಮಸಾಬರು ತೆರೆದ ಬಾಯನ್ನು ಮುಚ್ಚಿ ತಾವೂ ಮುಗುಳ್ನಕ್ಕರು.

ಜನ ಚದುರಿದ ಮೇಲೆ ಅವರು ಪಟ್ಟಿಗೆಂದು ಕೈ ಚಾಚಿದರು. ನಿಜಾಮರ ಕಾಲದಲ್ಲಿ ಉರ್ದು ಓದಿದವರು, ಕನ್ನಡವನ್ನು ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದರು. ಬೆರಳು ಮೊದಲ ಸಾಲಿನಲ್ಲೇ ನಿಂತಿತು. ನಲವತ್ತು ದಿನದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಇದು:

"ನೀವೂ ಬರ್ಸೀರೇನ್ರಿ ಬಾಯಾರ."

ಪಟ್ಟಿ ಶುರುಮಾಡಲು ಬರೆದೆ ಎಂದೆ. ಅದು ನಿಜ. ಆದರೆ ಆ ಮೊದಲ ವಾರ ನಾನು ಮೇಲೆ ಕೂತು ನೋಟ್‌ಬುಕ್ಕು ತಿದ್ದುತ್ತ, ಅಬ್ಬಾ ಎಷ್ಟು ಹಾಯಾಗಿದೆ ಎಂದುಕೊಂಡದ್ದೂ ನಿಜ. ಮೂರನೆಯ ವಾರದ ಹೊತ್ತಿಗೆ, ಶಾಲೆಯಿಂದ ಬಂದವಳನ್ನು "ಉಂಡ್ರೇನ್ರಿ" ಎಂದು ಕೇಳುವ ಒಂದೇ ಒಂದು ದನಿಯೂ ಊರಿನಲ್ಲಿಲ್ಲ ಎಂದು ನನಗೆ ಅಳು ಬಂದಿತ್ತು. ಅದನ್ನು ಹೇಳಬೇಕಾಗಿತ್ತು.

"ಇರ್ಲಿ ಬಿಡ್ರಿ. ಇಷ್ಟು ವರ್ಷ ಮಾತಾಡಿದ್ರೂ ಯಾರೂ ಒಂದು ಪೈಸೆ ಕೊಡ್ಲಿಲ್ಲ. ಸುಮ್ಮ ಕುಂತಿದ್ದಕ್ಕ ಊರೇ ಕೊಟ್ಟದ" ಎಂದು ಪಟ್ಟಿಯನ್ನು ನೀಟಾಗಿ ಮಡಿಸಿ ಕೊಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪಾಯಖಾನೆ ಎದ್ದಿತು. ಎಂಟನೆಯ ತರಗತಿಯಲ್ಲಿ ಹುಡುಗಿಯರು ಉಳಿದರು. ಇಮಾಮಸಾಬರ ಮಾತು ಮಾತ್ರ ಹಿಂದಿನಂತೆ ಆಗಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅಷ್ಟೆ. ರವಿಕೆಗಳು ಹೇಳಿದ ದಿನಕ್ಕೆ ಸರಿಯಾಗಿ ಸಿಗತೊಡಗಿದವು. ಊರಿನವರು, ಈಗ ಒಳ್ಳೆ ದರ್ಜಿಯಾದ ನೋಡ್ರಿ ಎಂದು ಮೆಚ್ಚಿಕೊಂಡರು.

ನಾಲ್ಕು ವರ್ಷದ ಮೇಲೆ ನನಗೆ ವರ್ಗವಾಯಿತು. ಟ್ರಂಕು ಕಟ್ಟಿ ಕೆಳಗಿಳಿದಾಗ ಅವರು ಒಬ್ಬ ವಿದ್ಯಾರ್ಥಿನಿಯ ಯೂನಿಫಾರ್ಮ್ ಲಂಗಕ್ಕೆ ಅಂಚು ಹಿಡಿಯುತ್ತಿದ್ದರು. ತುಟಿಗಳ ನಡುವೆ ನಾಲ್ಕು ಗುಂಡುಸೂಜಿ. ನನ್ನನ್ನು ಕಂಡು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು.

"ಹೊಂಟ್ರೇನ್ರಿ?"

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಕಟ್ಟೆಯ ಮೇಲೆ ಕೂತೆ. ಏನಾದರೂ ಹೇಳಿ ಇಮಾಮಸಾಬರೇ, ಕೇಳಿಕೊಂಡು ಹೋಗುತ್ತೇನೆ ಎಂದೆ.

ಅವರು ನಕ್ಕರು. "ನೀವೇ ಹೇಳ್ರಿ ಬಾಯಾರ. ನಾ ಕೇಳ್ತೀನಿ."

ಹೊಸ ಊರಿನ ಬಗ್ಗೆ ಎರಡು ಮಾತು ಆಡಿದೆ. ಆಮೇಲೆ ಏನೂ ಹೊಳೆಯಲಿಲ್ಲ. ಅವರು ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದರು. ಆಮೇಲೆ ಗುಂಡುಸೂಜಿಗಳನ್ನು ಮತ್ತೆ ತುಟಿಗಳ ನಡುವೆ ಇಟ್ಟುಕೊಂಡರು.