ಮುಚ್ಚದೆ ಉಳಿದ ಗುಂಡಿ

ಬೆಂಗಳೂರಿನವರ ನಡಿಗೆಯಲ್ಲಿ ಒಂದು ವಿನಯವಿದೆ; ನಾವು ಸದಾ ತಲೆ ತಗ್ಗಿಸಿಯೇ ನಡೆಯುತ್ತೇವೆ. ಇದನ್ನು ಹೊರಗಿನವರು ಸಂಸ್ಕಾರವೆಂದು ಭಾವಿಸಿದರೆ ನಮ್ಮ ಅಭ್ಯಂತರವೇನಿಲ್ಲ, ಆದರೆ ನಿಜವಾದ ಕಾರಣ ರಸ್ತೆಯ ಗುಂಡಿಗಳು. ಅವನ್ನು ಮುಚ್ಚಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ನಿವೃತ್ತ ಇಂಜಿನಿಯರ್ ನಾನು. ನಾನು ಮುಚ್ಚಿಸಿದವು ಮುಂದಿನ ಮಳೆಗೇ ಮತ್ತೆ ಬಾಯಿ ತೆರೆಯುತ್ತಿದ್ದವೆಂಬುದನ್ನು ನೀವು ಊಹಿಸಿಯೇ ಇರುತ್ತೀರಿ. ಇಂಥವನ ಕೈಯಿಂದ ವಿಧಿ ಒಂದು ಗುಂಡಿಯನ್ನು ಕಟ್ಟಿಸಿತು. ನನ್ನ ಹೆಂಡತಿ ಇನ್ನೂ ನಗುತ್ತಿದ್ದಾಳೆ.

ಜರಗನಹಳ್ಳಿಯ ಕಡೆಗೆ ಇಳಿಯುವ ನಮ್ಮ ಬೀದಿಯ ತುದಿಯಲ್ಲಿ, ರಾಜಕಾಲುವೆಯ ಮಗ್ಗುಲಿಗೆ, ಬಡಾವಣೆಯ ಮಳೆನೀರೆಲ್ಲ ಬಂದು ನಿಲ್ಲುವ ತಗ್ಗೊಂದಿತ್ತು. ಅಲ್ಲಿ ಸಾರ್ವಜನಿಕ ಸ್ಕೇಟ್ ಪಾರ್ಕ್ ಕಟ್ಟಲು ಓಡಾಡಿ ಒಪ್ಪಿಗೆ ತಂದವಳು ಮೇಘನಾ; ಚಕ್ರದ ಹಲಗೆಯ ಮೇಲೆ ಜಾರುವ ಹುಚ್ಚು ಹತ್ತಿಸಿಕೊಂಡ ಯುವ ವಾಸ್ತುಶಿಲ್ಪಿ. ಬಡಾವಣೆಯವರ ಪರವಾಗಿ ಮೇಲ್ವಿಚಾರಣೆಗೆ ಹೋದ ನಾನು ಅಭ್ಯಾಸಬಲದಿಂದ, ಮೊದಲು ಮಣ್ಣು ಹೊಡೆಸಿ ಸಮ ಮಾಡೋಣ ಎಂದೆ.

"ಅಂಕಲ್, ಹಳ್ಳ ಮುಚ್ಬೇಡಿ. ನಮಗೆ ಬೇಕಾಗಿರೋದೇ ಹಳ್ಳ," ಎಂದಳು. ತಗ್ಗನ್ನೇ ಕಾಂಕ್ರೀಟಿನ ದೊಡ್ಡ ಬಾಣಲೆಯಾಗಿಸಿ, ತಳದ ಕೊಳವೆಯಿಂದ ಮಳೆನೀರನ್ನು ಕಾಲುವೆಗೆ ಸಾಗಿಸುವುದು ಅವಳ ಯೋಜನೆ.

ಎದುರುಮನೆಯ ಗಿರಿಜಮ್ಮನವರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಮಕ್ಕಳು ಕೈಕಾಲು ಮುರ್ಕೊಳ್ಳೋಕೆ ಅಂತಾನೇ ಗುಂಡಿ ಕಟ್ಟಿಸ್ತಿದೀರಲ್ಲ, ಸಾರ್. ಮುಚ್ಚಿಸಿ, ವಾಕಿಂಗ್‌ಗಾದ್ರೂ ಆಗತ್ತೆ," ಎಂದು ಇಡೀ ಬೀದಿಯನ್ನು ತಮ್ಮ ಕಡೆ ಮಾಡಿಕೊಂಡರು. ಗಣೇಶನ ಹಬ್ಬ ಕಳೆದ ಮೇಲೆ ಬಡಾವಣೆಯ ಸಭೆ, ಸಭೆಯಲ್ಲಿ ಗುಂಡಿಗೆ ಮಣ್ಣು ಎಂಬುದು ಹೆಚ್ಚುಕಡಿಮೆ ನಿಶ್ಚಯವಾಯಿತು. ಮೇಘನಾಳ ಬಾಡಿದ ಮುಖ ನೋಡಿ ನನಗೂ ಸಂಕಟವಾಯಿತು.

ಆ ವೇಳೆಗೆ ಕಾಂಕ್ರೀಟು ಹಾಕಿಯಾಗಿತ್ತು. ಅದು ಗಟ್ಟಿಯಾಗಲೆಂದು ಕೊಳವೆಗೆ ಬಿರಡೆ ಬಿಗಿದು ನೀರು ನಿಲ್ಲಿಸಿದ್ದೆವು. ಹಬ್ಬದ ಸಂಜೆ, ದುಂಡಗೆ, ಹೊಚ್ಚಹೊಸದಾಗಿ, ನೀರು ತುಂಬಿಕೊಂಡು ನಿಂತ ಆ ಗುಂಡಿಯನ್ನು ಕಂಡ ನಮ್ಮ ಜನಕ್ಕೆ ಏನು ತೋಚಬೇಕೋ ಅದೇ ತೋಚಿತು. ನಾನು ಹೋಗುವಷ್ಟರಲ್ಲಿ ಗಿರಿಜಮ್ಮನವರು ತಮ್ಮ ಮನೆಯ ಮಣ್ಣಿನ ಗಣಪನನ್ನು ಮೂರು ಸಲ ಮುಳುಗಿಸಿ ಬಿಟ್ಟಾಗಿತ್ತು. ಅವರ ಹಿಂದೆ ಬೀದಿಗೆ ಬೀದಿಯೇ ಗಣಪನ ತಟ್ಟೆ ಹಿಡಿದು ನಿಂತಿತ್ತು.

"ಅಂತೂ ನಮ್ಮ ಮಾತಿಗೆ ಬೆಲೆ ಕೊಟ್ಟು, ಆ ಆಟದ ಗುಂಡಿ ಬಿಟ್ಟು ಕಲ್ಯಾಣಿ ಮಾಡಿಸಿದ್ರಲ್ಲ, ಸಾರ್," ಎಂದು ಗಿರಿಜಮ್ಮನವರು ನನ್ನನ್ನು ಹೊಗಳಿದರು. ಮೇಘನಾ ಏನೋ ಹೇಳಲು ಹೊರಟಳು. ಸುಮ್ಮನಿರು ಎಂದು ಸನ್ನೆ ಮಾಡಿದೆ. ಸರ್ಕಾರಿ ಕೆಲಸ ನನಗೆ ಕಲಿಸಿದ ಏಕೈಕ ವಿದ್ಯೆ ಅದು.

ಸಭೆಯಲ್ಲಿ ನಿಜಸಂಗತಿಯನ್ನು ತಿಳಿಸಿದೆ. ಹಾಗಾದರೆ ಮುಚ್ಚಿಸಿಬಿಡೋಣ ಎಂದು ಯಾರೋ ಎದ್ದು ನಿಂತರು. ಗಿರಿಜಮ್ಮನವರು ನನ್ನನ್ನು ದುರುಗುಟ್ಟಿಕೊಂಡು ನೋಡಿ, ಅವರ ಕಡೆ ತಿರುಗಿದರು. "ಗಣಪನ್ನ ಬಿಟ್ಟ ಜಾಗಕ್ಕೆ ಮಣ್ಣು ಹಾಕೋದಾ? ಬಿಡ್ತು ಅನ್ನಿ." ಎದ್ದು ನಿಂತವರು ಕೂತುಬಿಟ್ಟರು.

ನೀರು ಬಸಿದು, ತಳ ತೊಳೆದು, ಪಾರ್ಕು ತೆರೆದ ದಿನ ಮೊದಲು ಇಳಿದವಳು ಮೇಘನಾ. ಒಂದು ಬದಿ ಇಳಿದು ಇನ್ನೊಂದು ಬದಿ ಏರಿದವಳು, ತಿರುಗುವಾಗ ಆಯತಪ್ಪಿ ತಳಕ್ಕೆ ಬಿದ್ದಳು. ಬೀದಿಯವರೆಲ್ಲ ಅವಳನ್ನು ಬಿಟ್ಟು ಗಿರಿಜಮ್ಮನವರನ್ನು ನೋಡತೊಡಗಿದರು. ಅವರು ಸೆರಗು ಸಿಕ್ಕಿಸಿಕೊಂಡು ಅಂಚಿಗೆ ಬಂದು ಬಗ್ಗಿದರು.

"ಏನೂ ಆಗಿಲ್ಲ, ಏಳಮ್ಮ. ಇನ್ನೊಂದು ಸಲ ಬಿಡು, ನಾನು ನೋಡ್ತಿರ್ತೀನಿ."