ಇಥ್ನೈನ್ ಎಂದರೆ ಎರಡು

ಅಮ್ಮಾನಿನ ಆ ಕಚೇರಿಯಲ್ಲಿ ರುದೈನಾಳಿಗೆ ‘ಅತ್ತೆ’ ಎಂದೇ ಅಡ್ಡಹೆಸರು. ಬೇರೆಯವರು ಕಟ್ಟಿದ ವೆಬ್‌ಪುಟಗಳಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸವಾದ್ದರಿಂದ ಅವಳಿಗೂ ಅದು ಒಗ್ಗಿಹೋಗಿತ್ತು.

ಆ ಗುರುವಾರ ಅವಳ ಮುಂದಿದ್ದದ್ದು ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಮಕ್ಕಳ ಆಸ್ಪತ್ರೆಯೊಂದರ ಪುಟ. ಮಗುವಿಗೆ ರಕ್ತ ಕೊಡುವ ದಿನ ಯಾವುದೆಂದು ತಾಯಂದಿರು ಫೋನಿನಲ್ಲೇ ನೋಡಿಕೊಳ್ಳಬೇಕು. ಕಣ್ಣಿಗೆ ಕಾಣುವ ಪುಟ ಅಮ್ಮಾನಿನವರದು. ಹಿಂದೆ ನಿಂತು ಉತ್ತರ ಕೊಡುವ ಸರ್ವರ್ ಟ್ಯುನೀಸಿಯಾದ ಸ್ಫಾಕ್ಸಿನಲ್ಲಿ ಕೂತ ಮುಂಧಿರ್ ಬರೆದದ್ದು. ಭಾನುವಾರ ಪುಟ ತಾಯಂದಿರ ಕೈಸೇರಬೇಕಿತ್ತು.

“ಎರಡೂ ಕಡೆ ಪರೀಕ್ಷೆ ಪಾಸಾಗಿದೆಯಲ್ಲಮ್ಮ, ಒಪ್ಪಿಗೆ ಕೊಟ್ಬಿಡು. ನಾಳೆ ಜುಮ್ಮಾ, ರಜಾ ದಿನ, ಮನ್ಸಫ್ ಊಟ ಮಾಡಿ ಮಲಗೋಣ,” ಎಂದ ಮುಖ್ಯಸ್ಥ ಅಬೂ ಘಸ್ಸಾನ್.

“ಪಾಸಾಗಿರೋದು ಅವರವರೇ ಬರೆದಿಟ್ಕೊಂಡ ಸುಳ್ಳು ಉತ್ತರಕ್ಕೆ. ಹೆಣ್ಣು ಗಂಡು ಇನ್ನೂ ಮುಖಾನೇ ನೋಡಿಲ್ಲ, ಆಗ್ಲೇ ಮದುವೆ ಊಟ ಹಾಕಿಸ್ತೀರಾ?”

ಅವಳು ಪುಟವನ್ನು ನಿಜವಾದ ಸರ್ವರಿಗೇ ಜೋಡಿಸಿ ಒಂದು ಮಗುವಿನ ಹೆಸರು ಹೊಡೆದಳು. ‘ಇಥ್ನೈನ್’ ಎಂದಿತು ಪುಟ, ಅಂದರೆ ಸೋಮವಾರ. ಆಸ್ಪತ್ರೆಯ ನರ್ಸ್ ಘುಸೂನ್ ಕಳಿಸಿದ್ದ ಪಟ್ಟಿಯಲ್ಲಿ ಅದೇ ಮಗುವಿಗೆ ಮಂಗಳವಾರ. ಇನ್ನೊಂದು ಹೆಸರು ನೋಡಿದಳು, ಮತ್ತೊಂದು. ಎಲ್ಲರಿಗೂ ಒಂದು ದಿನ ಮುಂಚೆ! ರಕ್ತ ಆಸ್ಪತ್ರೆಗೆ ಬರುವುದು ಆಯಾ ದಿನದ ಬೆಳಿಗ್ಗೆಯೇ. ಬಿಳುಚಿದ ಮಗುವನ್ನೆತ್ತಿಕೊಂಡು ಎರಡು ಬಸ್ಸು ಹಿಡಿದು ಬಂದ ತಾಯಿ ಹಾಗೆಯೇ ವಾಪಸು ಹೋಗಬೇಕು. ಏಳು ತಿಂಗಳ ಕೂಸಿನ ತಾಯಿಯಾದ ರುದೈನಾ ಕೂಡಲೇ ಸ್ಫಾಕ್ಸಿಗೆ ಫೋನ್ ಹಚ್ಚಿದಳು.

“ನಿನ್ನ ಸರ್ವರ್ ವಾರದ ಹೆಸರಿನ ಬದಲು ಎರಡು ಅಂತ ಅಂಕಿ ಕಳಿಸ್ತಿದೆ. ಎರಡು ಅಂದ್ರೆ ಯಾವ ವಾರನಪ್ಪಾ?”

“ಮಂಗಳವಾರ, ಲಲ್ಲಾ. ನಮ್ಮಲ್ಲಿ ವಾರ ಶುರುವಾಗೋದೇ ಸೋಮವಾರ,” ಎಂದ ಮುಂಧಿರ್. ‘ಲಲ್ಲಾ’ ಎಂದರೆ ಅವನೂರಿನಲ್ಲಿ ‘ಅಮ್ಮಾವ್ರೇ’ ಎಂದ ಹಾಗೆ.

“ಅಯ್ಯೋ ಮಾರಾಯಾ, ಭಾನುವಾರ ಒಂದು, ಸೋಮವಾರ ಎರಡು. ಇಥ್ನೈನ್ ಅನ್ನೋ ಹೆಸರೇ ಎರಡು ಅಂತಲ್ವಾ! ನಿಮ್ಮಜ್ಜಿ ಎಣಿಸೋದು ಕಲಿಸ್ಲಿಲ್ವಾ?”

“ಕಲಿಸಿದ್ಲು. ರಜಾ ದಿನದಿಂದ ಎಣಿಸೋರು ಸೋಮಾರಿಗಳು ಅಂತಾನೂ ಹೇಳಿದ್ಲು.”

“ನಮಗೆಲ್ಲಿ ಭಾನುವಾರ ರಜಾ? ಕತ್ತೆ ಥರ ದುಡೀತೀವಿ!”

ಇಬ್ಬರೂ ನಕ್ಕರು. ಆಮೇಲೆ ರುದೈನಾ ದನಿ ತಗ್ಗಿಸಿದಳು. “ಈ ಎಣಿಕೆಯೇ ಬೇಡ. ಪೂರ್ತಿ ತಾರೀಖನ್ನೇ ಕಳಿಸು. ಒಂದು ಮಾದರಿ ಉತ್ತರ ಬರೆದು ಇಬ್ರೂ ಇಟ್ಕೊಳ್ಳೋಣ. ಯಾರು ಏನು ಬದಲಿಸಿದ್ರೂ ಮೊದಲು ಅದರ ಜೊತೆ ತಾಳೆ ನೋಡ್ಬೇಕು.”

“ನಾಳೆ ನನಗೆ ಕೆಲಸದ ದಿನಾನೇ. ಮಾಡಿಕೊಡ್ತೀನಿ.”

ಅಬೂ ಘಸ್ಸಾನ್ ಗೊಣಗಿದ, ಆದರೆ ತಡೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕೈಗೆ ಕೀಬೋರ್ಡ್ ಸಿಗದಂತೆ ಚಮಚ ಕೊಟ್ಟು, ರುದೈನಾ ಪಟ್ಟಿಯ ನಲವತ್ತಮೂರು ಹೆಸರುಗಳನ್ನೂ ಒಂದೊಂದಾಗಿ ನೋಡಿದಳು. ಎಲ್ಲ ತಾಳೆಯಾದ ಮೇಲೆಯೇ ಒಪ್ಪಿಗೆ ಕೊಟ್ಟಳು.

ಮಂಗಳವಾರ ಹತ್ತು ಗಂಟೆಗೆ ಘುಸೂನಳ ಸಂದೇಶ ಬಂತು: “ಇವತ್ತಿನ ಏಳೂ ಮಕ್ಕಳು ಬಂದ್ರು. ರಕ್ತ ಏರ್ತಾ ಇದೆ. ಒಬ್ಬ ತುಂಟ ಸೂಜಿ ನೋಡಿ ನನ್ನ ಕೈಯನ್ನೇ ಕಚ್ಚಿದ!”

ರುದೈನಾ ಅದನ್ನು ಎರಡು ಸಲ ಓದಿ, ಸ್ಫಾಕ್ಸಿಗೆ ಕಳಿಸಿದಳು.