ಹಸಿರು ಕ್ರೇಟಿನ ಸೈಕಲ್ಲು

ಶಾಲೆಯಲ್ಲಿದ್ದಾಗಲೂ ಫೆನ್ನಾ ಕೈಯನ್ನು ಭುಜದ ಮಟ್ಟಕ್ಕಷ್ಟೇ ಎತ್ತುತ್ತಿದ್ದಳು. ಉತ್ತರ ಗೊತ್ತಿರುತ್ತಿತ್ತು, ಗುರುಗಳು ಇತ್ತ ತಿರುಗುವಷ್ಟರಲ್ಲಿ ಕೈ ಕೆಳಗಿಳಿದಿರುತ್ತಿತ್ತು. ಗ್ರೋನಿಂಗೆನ್ ಪಟ್ಟಣಕ್ಕೆ ಓದಲು ಹೋಗಿ ಎರಡು ವರ್ಷವಾದರೂ ಆ ಸ್ವಭಾವ ಹೋಗಿರಲಿಲ್ಲ. ಒಂದೇ ಅಡುಗೆಮನೆ ಹಂಚಿಕೊಂಡಿದ್ದ ಆರು ಜನರಲ್ಲಿ, ಅವಳು ಕೋಣೆಯಲ್ಲಿದ್ದಾಳೋ ಇಲ್ಲವೋ ಎಂದು ಕೇಳಿದವರಿಲ್ಲ.

ನವೆಂಬರಿನ ಒಂದು ಸಂಜೆ ಗ್ರಂಥಾಲಯದಿಂದ ಸೈಕಲ್ಲಿನಲ್ಲಿ ಬರುವಾಗ ಕಾಲುವೆಯ ದಾರಿಯಲ್ಲಿ ಅವಳಿಗೊಂದು ಕೂಗು ಕೇಳಿಸಿತು. ಸೇತುವೆಗೆ ಯಾರದೋ ಸೈಕಲ್ಲು ಒರಗಿತ್ತು. ಮುಂದೆ ಸಾಮಾನಿಡುವ ಹಸಿರು ಕ್ರೇಟು, ಅದನ್ನು ಬಿಗಿದ ಹಳದಿ ಹಗ್ಗ. ಹುಡುಗರ ಗಲಾಟೆ ಇರಬೇಕೆಂದುಕೊಂಡು ಅವಳು ಪೆಡಲನ್ನು ಜೋರಾಗಿ ತುಳಿದಳು. ಅಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಹಲ್ಲೆಯಾಯಿತೆಂಬ ಸುದ್ದಿ ಮರುದಿನ ಬಂತು.

ಅಂದಿನಿಂದ ಆ ಕುರಿತು ಬಂದದ್ದನ್ನೆಲ್ಲ ಓದಿದಳು. ಒಬ್ಬನನ್ನು ಹಿಡಿದರೆಂದು ತಿಳಿದಾಗ ಎದೆಯ ಭಾರ ಇಳಿಯಿತು. ಇನ್ನು ತನ್ನ ಮಾತು ಬೇಕಾಗದು. ಆದರೆ ಜನವರಿಯ ಒಂದು ಶನಿವಾರ, ಅಜ್ಜಿಯ ಊರಿನ ಬಸ್ಸಿನಲ್ಲಿ ಓದಿದ್ದು ಬೇರೆ. ತಾನು ಅಂದು ಅತ್ತ ಸುಳಿಯಲೇ ಇಲ್ಲವೆಂದು ಅವನು ಹೇಳಿದ್ದ. ಅವನನ್ನಾಗಲಿ ಅವನ ಸೈಕಲ್ಲನ್ನಾಗಲಿ ಅಲ್ಲಿ ಕಂಡವರಿಲ್ಲದ್ದರಿಂದ ಪೊಲೀಸರು ಬಿಟ್ಟುಬಿಟ್ಟಿದ್ದರು. ಸುದ್ದಿಯ ಪಕ್ಕದಲ್ಲಿ ಅವನ ಸೈಕಲ್ಲಿನ ಚಿತ್ರ: ಹಸಿರು ಕ್ರೇಟು, ಹಳದಿ ಹಗ್ಗ.

ಅಜ್ಜಿಗೆ ಅಂದು ಎಂಬತ್ತು ತುಂಬಿತ್ತು. ಕುರ್ಚಿಗಳನ್ನು ಎಂದಿನಂತೆ ದುಂಡಗೆ ಇಟ್ಟಿದ್ದರು. ಫೆನ್ನಾ ಒಂದು ಸುತ್ತು ಬಂದು ಎಲ್ಲರ ಕೈಕುಲುಕಿದಳು. ಅಲ್ಲಿನ ರೂಢಿಯಂತೆ ಅಪ್ಪನಿಗೂ ಅತ್ತೆಗೂ ಅಜ್ಜಿಯ ಹುಟ್ಟುಹಬ್ಬದ ಅಭಿನಂದನೆ ಹೇಳಿ ಕಿಟಕಿಯ ಬಳಿ ಕುಳಿತಳು. ಒಬ್ಬೊಬ್ಬರಿಗೆ ಒಂದೊಂದು ತುಂಡು ಕೇಕು ಬಂತು.

"ಏನಮ್ಮಾ ಪಟ್ಟಣದವಳೇ, ಆ ಕಾಲುವೆ ದಾರೀಲಿ ನೀನೂ ಓಡಾಡ್ತೀಯಾ?" ಎಂದರು ಹಾರ್ಮ್ ಚಿಕ್ಕಪ್ಪ.

"ಅವಳೆಲ್ಲಿ ಹೋಗ್ತಾಳೆ? ಹೊತ್ತು ಮುಳುಗೋ ಮೊದ್ಲೇ ಕಂಬಳಿ ಹೊದ್ಕೊಳ್ಳೋಳು," ಎಂದು ಆಫ್ಕೆ ಅತ್ತೆ ನಕ್ಕರು. "ಆ ಹುಡುಗೀಗಾದ್ರೂ ಕತ್ತಲಲ್ಲಿ ಒಬ್ಳೇ ಅಲ್ಲೇನು ಕೆಲಸ?"

"ಚಳಿಗಾಲದಲ್ಲಿ ಐದಕ್ಕೇ ಕತ್ತಲು, ಅತ್ತೆ," ಎಂದಳು ಫೆನ್ನಾ. ಯಾರೂ ಕಿವಿಗೊಡಲಿಲ್ಲ.

"ಕೂಗಿದ್ಳಂತೆ! ಕೂಗಿದ್ರೆ ಯಾರಿಗೂ ಕೇಳಿಸ್ದೇ ಇರುತ್ತಾ? ಕಥೆ ಕಟ್ಟಿರ್ತಾಳೆ ಬಿಡಿ," ಎಂದರು ಅತ್ತೆ.

ಫೆನ್ನಾಳ ಕೈ ತಾನಾಗಿಯೇ ಭುಜದವರೆಗೆ ಎದ್ದಿತು. ಈ ಸಲ ಇಳಿಯಲಿಲ್ಲ.

"ನಂಗೆ ಕೇಳಿಸ್ತು."

"ಏನು ಕೇಳಿಸ್ತು?" ಎಂದರು ಅಪ್ಪ.

"ಅವಳು ಕೂಗಿದ್ದು. ಅವನ ಸೈಕಲ್ಲೂ ನೋಡ್ದೆ. ನಾನು ನಿಲ್ಲಲಿಲ್ಲ ಅಪ್ಪ."

ಅತ್ತೆ ಎದ್ದರು. "ಇನ್ನೊಂದು ಸುತ್ತು ಕಾಫಿ ಯಾರಿಗೆ?"

ಎಲ್ಲರೂ ಬಟ್ಟಲು ಚಾಚಿದರು, ಅಜ್ಜಿಯೊಬ್ಬರನ್ನು ಬಿಟ್ಟು.

"ನಿನ್ನ ಕೋಟು ಬಾಗಿಲ ಹಿಂದಿದೆ ಮಗೂ," ಎಂದರು ಅಜ್ಜಿ. "ಹೊರಗೆ ಚಳಿ."

ತೋಟದಲ್ಲಿ ನಿಂತು ಅವಳು ಪೊಲೀಸರ ಸಂಖ್ಯೆ ಒತ್ತಿದಳು. ಕಾಯಬೇಕೆಂದು ಹೇಳಿ ಸಂಗೀತ ಹಾಕಿದರು. ಪರದೆ ಎಳೆಯದ ದೊಡ್ಡ ಕಿಟಕಿಯಲ್ಲಿ ಒಳಗಿನ ಕುರ್ಚಿಗಳ ಸುತ್ತು ಪೂರ್ತಿ ಕಾಣುತ್ತಿತ್ತು. ಚಿಕ್ಕಪ್ಪ ಏನೋ ಹೇಳಿದರು, ಎಲ್ಲರೂ ನಕ್ಕರು. ಅವಳ ಕುರ್ಚಿಯ ಮೇಲೆ ಅತ್ತೆಯ ಕೈಚೀಲ ಕುಳಿತಿತ್ತು. ಕರೆಯನ್ನು ಈಗಲೂ ಮುಗಿಸಿಬಿಡಬಹುದಿತ್ತು. ಹೆಬ್ಬೆರಳು ಕೆಂಪು ಗುಂಡಿಯ ಬಳಿಯೇ ಇತ್ತು.

ಸಂಗೀತ ನಿಂತಿತು. "ಹೇಳಿ, ಏನಾಗ್ಬೇಕಿತ್ತು?" ಎಂದಿತು ಒಂದು ಹೆಣ್ಣುದನಿ.

ಫೆನ್ನಾ ಕಿಟಕಿಗೆ ಬೆನ್ನು ತಿರುಗಿಸಿ, ಮೊದಲು ತನ್ನ ಹೆಸರು ಹೇಳಿದಳು.